ಫುಟ್‌ಬಾಲ್ ಅಕಾಡೆಮಿಯಲ್ಲಿ ಮಗನ ಸುರಕ್ಷತೆ: ಕೋಚ್ ಬಗ್ಗೆ ಕೇಳಬೇಕಾದದ್ದೇನು?

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಎರಡು ವರ್ಷಗಳಿಂದ ಬೆಂಗಳೂರಿನಲ್ಲಿ ನಮ್ಮ ಬಡಾವಣೆಯ ಖಾಸಗಿ ಫುಟ್‌ಬಾಲ್ ಅಕಾಡೆಮಿಗೆ ಹೋಗುತ್ತಿದ್ದಾನೆ. ಕೋಚ್ ಒಳ್ಳೆಯ ಆಟಗಾರರಾಗಿದ್ದವರು, ಮಗನಿಗೆ ಅವರೆಂದರೆ ಪ್ರಾಣ. ಈಚೆಗೆ ಅವರು ರಾತ್ರಿ ಹತ್ತರ ಮೇಲೆ ಅವನ ಫೋನಿಗೇ ನೇರವಾಗಿ ಮೆಸೇಜ್ ಮಾಡುತ್ತಾರೆ. ಊಟ, ನಿದ್ದೆ, ಪಂದ್ಯದ ವಿಡಿಯೊ, ಇಂಥವೇ. ಅಭ್ಯಾಸ ಮುಗಿದ ಮೇಲೆ ಒಮ್ಮೊಮ್ಮೆ ಅವನೊಬ್ಬನನ್ನೇ ತಮ್ಮ ಕಾರಿನಲ್ಲಿ ಮನೆಗೆ ತಂದು ಬಿಡುತ್ತಾರೆ. ತಪ್ಪು ಪಾಸ್ ಕೊಟ್ಟರೆ ತಲೆಗೆ ಹೊಡೆಯುವುದೂ ಉಂಟು. ಮುಂದಿನ ತಿಂಗಳು ಮಂಗಳೂರಿನಲ್ಲಿ ಟೂರ್ನಿ, ಮೂರು ರಾತ್ರಿ ಅಲ್ಲಿಯೇ ವಾಸ. ಮಕ್ಕಳ ಗಮನ ಕದಲುತ್ತದೆ, ಪೋಷಕರು ಬರುವುದು ಬೇಡ ಎಂದಿದ್ದಾರೆ. ನನಗೆ ಒಳಗೊಳಗೇ ಕಸಿವಿಸಿ. ನಮ್ಮ ಮನೆಯವರು, ‘ಹೊಡೆಯದೆ ಬಡಿಯದೆ ಯಾವ ಆಟ ಬಂದೀತು, ಇಲ್ಲದ ಅನುಮಾನ ಬೇಡ’ ಎನ್ನುತ್ತಾರೆ. ನಾನು ತಪ್ಪು ಯೋಚಿಸುತ್ತಿದ್ದೇನೆಯೇ? ಅಕಾಡೆಮಿಯವರನ್ನು ಏನೆಂದು ಕೇಳಬೇಕು?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ನಿಮ್ಮ ಕಸಿವಿಸಿಗೆ ಕಾರಣವಿದೆ. ಆದರೆ ‘ಈ ಕೋಚ್ ಕೆಟ್ಟವರೇ’ ಎಂದು ಕೇಳಿಕೊಳ್ಳುತ್ತಾ ಕುಳಿತರೆ ನಿಮಗೆ ಉತ್ತರ ಸಿಗುವುದಿಲ್ಲ. ಆ ಪ್ರಶ್ನೆಗೆ ಉತ್ತರ ನನ್ನಲ್ಲಿಲ್ಲ, ನಿಮ್ಮಲ್ಲಿಲ್ಲ, ಬಹುಶಃ ಅಕಾಡೆಮಿಯ ಮಾಲೀಕರಲ್ಲಿಯೂ ಇಲ್ಲ. ರಾತ್ರಿ ಮೆಸೇಜ್ ಮಾಡುವುದು, ಒಬ್ಬನನ್ನೇ ಕಾರಿನಲ್ಲಿ ಕರೆತರುವುದು, ಪೋಷಕರನ್ನು ದೂರ ಇಡುವುದು, ಈ ಮೂರನ್ನೂ ಯಾವ ಕಲ್ಮಷವೂ ಇಲ್ಲದ, ಪ್ರತಿಭೆಯಿರುವ ಹುಡುಗನ ಮೇಲಿನ ಅಕ್ಕರೆಯಿಂದ ಮಾಡುವ ಕೋಚ್‌ಗಳಿದ್ದಾರೆ. ಮಗುವನ್ನು ಮನೆಯವರಿಂದ ನಿಧಾನವಾಗಿ ಬಿಡಿಸಿ ತನ್ನ ಹಿಡಿತಕ್ಕೆ ತಂದುಕೊಳ್ಳುವ ವ್ಯಕ್ತಿಯೂ ಇವೇ ಮೂರನ್ನು ಮಾಡುತ್ತಾನೆ. ಹೊರಗೆ ನಿಂತವರ ಕಣ್ಣಿಗೆ ಇಬ್ಬರೂ ಒಂದೇ ರೀತಿ ಕಾಣುತ್ತಾರೆ. ಹಾಗಾಗಿ ನೀವು ಕೇಳಬೇಕಾದದ್ದು ಇದು: ದೊಡ್ಡವರೊಬ್ಬರು ಒಂದು ಮಗುವಿನೊಡನೆ ಯಾರ ಕಣ್ಣಿಗೂ ಬೀಳದೆ ಇರುವ ಅವಕಾಶ ಈ ಅಕಾಡೆಮಿಯಲ್ಲಿ ಏಕೆ ಉಳಿದುಕೊಂಡಿದೆ? ಈ ಪ್ರಶ್ನೆಯಲ್ಲಿ ಯಾರ ಮೇಲೂ ಆರೋಪವಿಲ್ಲ, ಆದ್ದರಿಂದ ಇದನ್ನು ಧೈರ್ಯವಾಗಿ ಕೇಳಬಹುದು.

ನಾನೂ ಕೋಚ್ ಆಗಿದ್ದವನು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸಂಜೆ ಕತ್ತಲಾದ ಮೇಲೆ, ಅಪ್ಪ ಬರುವುದು ತಡವಾದ ಹುಡುಗನನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಗೆ ಬಿಟ್ಟು ಬಂದಿದ್ದೇನೆ. ಒಂದು ಬಾರಿಯಲ್ಲ, ಹತ್ತಾರು ಬಾರಿ. ಅದು ಉಪಕಾರ ಎಂದೇ ನಾನೂ ಆ ಮನೆಯವರೂ ತಿಳಿದಿದ್ದೆವು. ಮಕ್ಕಳ ಸುರಕ್ಷತೆಯ ತರಬೇತಿಗೆ ಹೋಗಿ ಕುಳಿತ ದಿನ ನನಗೆ ಹೊಳೆದದ್ದೆಂದರೆ, ನಾನು ಹಾಗೆ ಮಾಡುತ್ತಾ ಆ ಮೈದಾನದಲ್ಲಿ ಒಂದು ಪದ್ಧತಿಯನ್ನೇ ಹುಟ್ಟುಹಾಕಿದ್ದೆ. ನನ್ನ ನಂತರ ಬಂದವರು ಯಾರೇ ಆಗಿರಲಿ, ಅವರು ಹುಡುಗನನ್ನು ಗಾಡಿಗೆ ಹತ್ತಿಸಿಕೊಂಡಾಗ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಕೆಟ್ಟ ಉದ್ದೇಶದವನು ಹೊಸ ದಾರಿಯನ್ನೇನೂ ಕಡಿಯಬೇಕಿಲ್ಲ, ಒಳ್ಳೆಯವರು ಸವೆಸಿಟ್ಟ ದಾರಿಯಲ್ಲಿಯೇ ನಡೆದುಹೋಗುತ್ತಾನೆ.

ಈ ಮಾತಿಗೆ ಇಂಗ್ಲೆಂಡಿನ ಫುಟ್‌ಬಾಲಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 2016ರ ನವೆಂಬರಿನಲ್ಲಿ ಆ್ಯಂಡಿ ವುಡ್‌ವರ್ಡ್ ಎಂಬ ಮಾಜಿ ವೃತ್ತಿಪರ ಆಟಗಾರ, ಬಾಲಕನಾಗಿದ್ದಾಗ ತನ್ನ ಕೋಚ್ ಬ್ಯಾರಿ ಬೆನೆಲ್‌ನಿಂದ ತನಗಾದ ಲೈಂಗಿಕ ದೌರ್ಜನ್ಯವನ್ನು ತನ್ನ ಹೆಸರು ಹೇಳಿಕೊಂಡೇ ಬಹಿರಂಗಪಡಿಸಿದರು. ಅವರ ಹಿಂದೆಯೇ ಒಬ್ಬರಾದ ಮೇಲೊಬ್ಬರು ಮಾತನಾಡಿದರು. ಮಕ್ಕಳ ರಕ್ಷಣೆಯ ಸಂಸ್ಥೆಯೊಂದು ತೆರೆದ ಸಹಾಯವಾಣಿಗೆ ಮೊದಲ ಕೆಲವೇ ದಿನಗಳಲ್ಲಿ ನೂರಾರು ಕರೆಗಳು ಬಂದವು. ಬೆನೆಲ್ ಮ್ಯಾಂಚೆಸ್ಟರ್ ಸಿಟಿ ಮತ್ತು ಕ್ರೂ ಅಲೆಕ್ಸಾಂಡ್ರಾ ಕ್ಲಬ್‌ಗಳೊಡನೆ ನಂಟಿದ್ದ ಬಾಲಕರ ಕೋಚ್ ಹಾಗೂ ಪ್ರತಿಭಾನ್ವೇಷಕ. ಹುಡುಗರು ವಾರಾಂತ್ಯಕ್ಕೆ ಆತನ ಮನೆಯಲ್ಲಿ ಉಳಿಯುತ್ತಿದ್ದರು; ಆ ಮನೆಯಲ್ಲಿ ಆಟದ ಯಂತ್ರಗಳಿದ್ದವು, ವಿಚಿತ್ರ ಸಾಕುಪ್ರಾಣಿಗಳಿದ್ದವು. ಕಳಿಸಿಕೊಟ್ಟವರು ತಂದೆತಾಯಿಯರೇ. ಅವರು ದಡ್ಡರಾಗಿರಲಿಲ್ಲ, ಮಕ್ಕಳ ಬಗ್ಗೆ ಅಕ್ಕರೆ ಇಲ್ಲದವರೂ ಆಗಿರಲಿಲ್ಲ. ಮಗ ದೊಡ್ಡ ಆಟಗಾರನಾಗುವ ಬಾಗಿಲಿನ ಕೀಲಿಕೈ ಈ ಮನುಷ್ಯನ ಕೈಯಲ್ಲಿದೆ ಎಂದು ನಂಬಿದ್ದರು, ಅಷ್ಟೇ. ಬೆನೆಲ್‌ಗೆ 1995ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ, 1998ರಲ್ಲಿ ಇಂಗ್ಲೆಂಡಿನಲ್ಲಿ ಶಿಕ್ಷೆಯಾಯಿತು. 2018ರಲ್ಲಿ ಮತ್ತೆ ಹಲವು ಬಾಲಕರ ಪ್ರಕರಣಗಳಲ್ಲಿ ಅಪರಾಧ ಸಾಬೀತಾಗಿ 31 ವರ್ಷಗಳ ಶಿಕ್ಷೆ ವಿಧಿಸಲಾಯಿತು. 2023ರಲ್ಲಿ ಆತ ಸೆರೆಯಲ್ಲಿಯೇ ಸತ್ತ.

ಅಲ್ಲಿನ ಫುಟ್‌ಬಾಲ್ ಸಂಸ್ಥೆಯು ಹಿರಿಯ ವಕೀಲ ಕ್ಲೈವ್ ಶೆಲ್ಡನ್ ಅವರಿಂದ ಸ್ವತಂತ್ರ ಪರಿಶೀಲನೆ ನಡೆಸಿತು. 1970ರಿಂದ 2005ರವರೆಗಿನ ಅವಧಿಯನ್ನು ನೋಡಿದ ಆ ವರದಿ 2021ರ ಮಾರ್ಚಿನಲ್ಲಿ ಹೊರಬಂತು. 1995ರ ಅಕ್ಟೋಬರಿನಿಂದ 2000ದ ಮೇ ತಿಂಗಳವರೆಗೆ, ಅಂದರೆ ಅಪಾಯ ಏನೆಂದು ಗೊತ್ತಾದ ಮೇಲೆಯೂ, ಸಂಸ್ಥೆ ಮಕ್ಕಳ ರಕ್ಷಣೆಯ ಕ್ರಮಗಳನ್ನು ತರಲು ತಡಮಾಡಿದ್ದು ಸಾಂಸ್ಥಿಕ ವೈಫಲ್ಯ ಎಂದು ವರದಿ ಹೇಳಿತು. ಇಂದು ಅಲ್ಲಿ ಮಕ್ಕಳ ತಂಡವಿರುವ, ಸಂಸ್ಥೆಗೆ ಸೇರಿದ ಪ್ರತಿಯೊಂದು ಕ್ಲಬ್ಬಿನಲ್ಲಿಯೂ ಮಕ್ಕಳ ಹಿತ ನೋಡಿಕೊಳ್ಳುವ ಅಧಿಕಾರಿ ಇರಲೇಬೇಕು. ಎಷ್ಟು ಮಕ್ಕಳ ಬಾಲ್ಯದ ಬೆಲೆ ತೆತ್ತು ಆ ನಿಯಮ ಬಂತು ಎಂಬುದನ್ನು ನೆನೆದರೆ, ನಾವು ಅದನ್ನು ಬಿಟ್ಟಿಯಾಗಿ ಕಲಿಯದಿರುವುದಕ್ಕೆ ಯಾವ ನೆಪವೂ ಉಳಿಯುವುದಿಲ್ಲ.

ಇದು ಪರದೇಶದ ಕತೆ ಎಂದುಕೊಳ್ಳುವವರಿಗೆ 2022ರ ಒಂದು ಘಟನೆಯನ್ನು ನೆನಪಿಸಬೇಕು. ಆ ವರ್ಷ ಭಾರತದಲ್ಲಿಯೇ 17 ವರ್ಷದೊಳಗಿನ ಬಾಲಕಿಯರ ವಿಶ್ವಕಪ್ ನಡೆಯುವುದಿತ್ತು. ಅದಕ್ಕೆ ಸಿದ್ಧತೆಯಾಗಿ ಯುರೋಪಿಗೆ ಹೋಗಿದ್ದ ನಮ್ಮ ತಂಡದ ಸಹಾಯಕ ಕೋಚ್‌ ಒಬ್ಬರ ಮೇಲೆ ಅನುಚಿತ ಲೈಂಗಿಕ ವರ್ತನೆಯ ದೂರು ಬಂದು, ಅವರನ್ನು ವಜಾ ಮಾಡಲಾಯಿತು. ಮುಂದೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಪ್ರಕರಣವೂ ದಾಖಲಾಯಿತು. ದೇಶದ ತಂಡದೊಳಗೇ ಇಂಥದು ನಡೆಯಬಹುದಾದರೆ ಬಡಾವಣೆಯ ಅಕಾಡೆಮಿಯ ಬಗ್ಗೆ ಎರಡು ಪ್ರಶ್ನೆ ಕೇಳುವುದು ಅತಿರೇಕವಲ್ಲ.

‘ಗಂಡುಹುಡುಗನಿಗೆ ಏನಾಗುತ್ತದೆ’ ಎಂಬ ಮಾತನ್ನೂ ನಾನು ಮೈದಾನದ ಬದಿಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ ಮಕ್ಕಳನ್ನು ಮಾತನಾಡಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವುದಾದರೊಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದೆವೆಂದು ಹೇಳಿದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಗಂಡುಮಕ್ಕಳೇ ಆಗಿದ್ದರು. ಪೋಕ್ಸೊ ಕಾಯ್ದೆಯೂ ಹೆಣ್ಣು ಗಂಡೆಂಬ ಭೇದ ಮಾಡುವುದಿಲ್ಲ; 18 ತುಂಬದವರೆಲ್ಲರೂ ಅದರ ಕಣ್ಣಿನಲ್ಲಿ ಮಕ್ಕಳೇ.

ಈಗ ನೀವು ಬರೆದ ಒಂದೊಂದು ಸಂಗತಿಗೆ ಬರುತ್ತೇನೆ.

ಮೆಸೇಜ್ ವಿಷಯದಲ್ಲಿ ಮೊದಲ ತಿದ್ದುಪಡಿ ನಿಮ್ಮ ಮನೆಯಲ್ಲಿಯೇ ಆಗಬೇಕಾಗಿದೆ, ಹೀಗೆ ಹೇಳಿದ್ದಕ್ಕೆ ಬೇಸರಿಸಬೇಡಿ. ತಾನಾಗಿಯೇ ವಾಟ್ಸ್‌ಆ್ಯಪ್ ಖಾತೆ ತೆರೆಯಲು ಆ ಕಂಪನಿಯ ನಿಯಮದಂತೆಯೇ 13 ವರ್ಷ ತುಂಬಿರಬೇಕು. 11 ವರ್ಷದ ಮಗ ತಾನೊಬ್ಬನೇ ಬಳಸುವ ಖಾತೆ ಇರುವುದೇ ಸರಿಯಲ್ಲ. ಕೋಚ್ ಹೇಳಬೇಕಾದ ಊಟ, ನಿದ್ದೆ, ಸಮಯ, ವಿಡಿಯೊ ಎಲ್ಲವೂ ಪೋಷಕರಿರುವ ಗುಂಪಿಗೆ ಬರಲಿ, ಅಲ್ಲಿಂದ ನೀವು ಮಗನಿಗೆ ತೋರಿಸಿ. ನಿಮ್ಮ ಮಗನೊಬ್ಬನಿಗೇ ಹೇಳುವಂಥದ್ದಿದ್ದರೆ ಕೋಚ್, ನೀವು, ನಿಮ್ಮ ಮನೆಯವರು ಹೀಗೆ ಮೂವರಿರುವ ಗುಂಪು ಮಾಡಿ. ಕೋಚ್‌ಗೆ ಇದನ್ನು ತಿಳಿಸುವಾಗ ಬಿಗುವಿನ ದನಿ ಬೇಡ. ‘ಸರ್, ಅವನ ಫೋನ್ ತೆಗೆದಿಟ್ಟಿದ್ದೇವೆ, ಇನ್ನು ಮುಂದೆ ಏನಿದ್ದರೂ ನನ್ನ ನಂಬರಿಗೆ ಹಾಕಿ’ ಎಂದರೆ ಸಾಕು. ಅದಕ್ಕೆ ಅವರು ಹೇಗೆ ಪ್ರತಿಕ್ರಿಯಿಸುತ್ತಾರೆ ಎಂಬುದನ್ನು ಮಾತ್ರ ಗಮನಿಸಿ. ‘ಆಯ್ತು ಮೇಡಂ’ ಎಂದು ಮರುದಿನದಿಂದಲೇ ನಿಮ್ಮ ನಂಬರಿಗೆ ಕಳಿಸುವವರು ಒಂದು ಬಗೆ. ‘ನನ್ನ ಮೇಲೆ ನಂಬಿಕೆ ಇಲ್ಲವೇ, ಹೀಗಾದರೆ ಅವನನ್ನು ಸೆಲೆಕ್ಷನ್‌ಗೆ ಹೇಗೆ ತಯಾರು ಮಾಡಲಿ’ ಎನ್ನುವವರು ಇನ್ನೊಂದು ಬಗೆ. ಎರಡನೆಯ ಮಾತೂ ಅಪರಾಧದ ಸಾಕ್ಷಿಯಲ್ಲ, ಆದರೆ ಮಗುವಿನ ಭವಿಷ್ಯವನ್ನು ಮುಂದಿಟ್ಟುಕೊಂಡು ನಿಯಮವನ್ನು ಸಡಿಲಿಸಲು ಕೇಳುವವರಿಗೆ ನಾನಂತೂ ಮಣಿಯುವುದಿಲ್ಲ.

ಊಟದ ಬಗ್ಗೆ ರಾತ್ರಿ ಹತ್ತಕ್ಕೆ ಬರೆದ ಮೆಸೇಜ್ ಕಾನೂನಿನ ಪ್ರಕಾರ ತಪ್ಪೇ ಎಂದರೆ, ಅಲ್ಲ. ಲೈಂಗಿಕ ಉದ್ದೇಶದಿಂದ ಮಗುವನ್ನು ಫೋನಿನಲ್ಲಾಗಲಿ ನೇರವಾಗಿಯಾಗಲಿ ಪದೇಪದೇ ಸಂಪರ್ಕಿಸುವುದು ಪೋಕ್ಸೊದ 11ನೇ ಸೆಕ್ಷನ್‌ನಡಿ ಲೈಂಗಿಕ ಕಿರುಕುಳವಾಗುತ್ತದೆ, ಅದಕ್ಕೆ 3 ವರ್ಷದವರೆಗೆ ಶಿಕ್ಷೆಯಿದೆ. ಉದ್ದೇಶ ಬೇರೆಯಾದರೆ ಅದು ಅಪರಾಧವಲ್ಲ. ಕಾನೂನು ತಪ್ಪು ನಡೆದ ಮೇಲೆ ಬರುತ್ತದೆ. ಅಕಾಡೆಮಿಯ ನಿಯಮ ಅದಕ್ಕಿಂತ ಬಹಳ ಮೊದಲೇ ಅಡ್ಡ ನಿಲ್ಲಬೇಕು. ಇವೆರಡನ್ನು ಬೆರೆಸಿಕೊಂಡರೆ, ‘ಏನೂ ಆಗಿಲ್ಲವಲ್ಲ, ದೂರು ಯಾವುದಕ್ಕೆ’ ಎಂಬ ವಾದದಲ್ಲಿ ನೀವು ಸೋಲುತ್ತೀರಿ.

ಕಾರಿನ ವಿಷಯ ಇನ್ನೂ ಸರಳ. ಒಬ್ಬ ಕೋಚ್, ಒಂದು ಮಗು, ಮುಚ್ಚಿದ ಕಾರು: ಇದು ಆಗಬಾರದು. ನಿಮಗೆ ಬರಲು ತಡವಾಗುವ ದಿನ ಮಗ ಎಲ್ಲಿ, ಯಾರ ಜೊತೆ ಕಾಯುತ್ತಾನೆ ಎಂದು ಅಕಾಡೆಮಿ ಮೊದಲೇ ಬರೆದಿಟ್ಟಿರಬೇಕು. ಇನ್ನೊಬ್ಬ ಹುಡುಗನ ತಾಯಿಯೊಡನೆ ಮಾತನಾಡಿಕೊಂಡು ಪಾಳಿ ಹಾಕಿಕೊಂಡರೆ ಈ ಸಮಸ್ಯೆಯ ಮುಕ್ಕಾಲು ಪಾಲು ಅಲ್ಲಿಗೇ ತೀರುತ್ತದೆ. ತುರ್ತಿನಲ್ಲಿ ಕೋಚ್ ಕರೆತರಲೇಬೇಕಾಗಿ ಬಂದರೆ ನಿಮಗೆ ಫೋನ್ ಮಾಡಿ ಒಪ್ಪಿಗೆ ಪಡೆದು, ಮತ್ತೊಬ್ಬರನ್ನು ಜೊತೆಗಿಟ್ಟುಕೊಂಡು ಬರಲಿ. ಈ ಶಿಸ್ತು ಕೋಚ್‌ನ ರಕ್ಷಣೆಗೂ ಹೌದು. ನಾಳೆ ಯಾರಾದರೂ ಸುಳ್ಳು ಆರೋಪ ಹೊರಿಸಿದರೆ ತಾನು ಒಂಟಿಯಾಗಿರಲಿಲ್ಲ ಎಂಬುದಕ್ಕಿಂತ ಗಟ್ಟಿಯಾದ ಸಮರ್ಥನೆ ಅವರಿಗೆ ಸಿಗುವುದಿಲ್ಲ. ಫಿಸಿಯೊ ಕಾಲು ತಿಕ್ಕುವಾಗ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಗಾಯವಾದ ಮಗುವನ್ನು ಆಸ್ಪತ್ರೆಗೆ ಒಯ್ಯುವಾಗ, ಎಲ್ಲೆಡೆ ಇದೇ ಸೂತ್ರ. ಬಟ್ಟೆ ಬದಲಿಸುವ ಕೋಣೆಗೆ ಫೋನ್ ತರಬಾರದು ಎಂಬುದನ್ನು ಇದರೊಂದಿಗೆ ಸೇರಿಸಿಕೊಳ್ಳಿ, ಅದು ದೊಡ್ಡವರಿಗೂ ಮಕ್ಕಳಿಗೂ ಅನ್ವಯ.

ಹೊಡೆತದ ಬಗ್ಗೆ ನಿಮ್ಮ ಮನೆಯವರಿಗೆ ಎರಡು ಮಾತು. ‘ದಂಡಂ ದಶಗುಣಂ’ ಎಂದು ಕೇಳಿಕೊಂಡೇ ಬೆಳೆದ ತಲೆಮಾರು ನಮ್ಮದು, ಆದ್ದರಿಂದ ಅವರ ಮಾತು ನನಗೆ ಅಪರಿಚಿತವೇನಲ್ಲ. ಆದರೆ ಮಗುವಿನ ಹೊಣೆ ಹೊತ್ತವರು ಅದಕ್ಕೆ ಅನಗತ್ಯವಾದ ದೈಹಿಕ ಅಥವಾ ಮಾನಸಿಕ ನೋವಾಗುವಂತೆ ಹಲ್ಲೆ ಮಾಡಿದರೆ ಬಾಲ ನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಕಾನೂನನ್ನು ಪಕ್ಕಕ್ಕಿಡೋಣ, ಆಟದ ಲೆಕ್ಕದಲ್ಲಿಯೇ ನೋಡೋಣ. ತಪ್ಪು ಪಾಸ್‌ಗೆ ಹೊಡೆತ ತಿಂದ ಹುಡುಗ ಮುಂದಿನ ಸಲ ಆ ಪಾಸನ್ನು ಸರಿಯಾಗಿ ಕೊಡುವುದಿಲ್ಲ, ಆ ಪಾಸನ್ನೇ ಕೊಡುವುದಿಲ್ಲ. ಚೆಂಡನ್ನು ಹಿಂದಕ್ಕೆ, ಗೋಲ್‌ಕೀಪರ್ ಕಡೆಗೆ ತಳ್ಳಿ ಕೈ ತೊಳೆದುಕೊಳ್ಳುತ್ತಾನೆ. ಎದುರಾಳಿಗಳ ನಡುವೆ ಇಷ್ಟೇ ಇಷ್ಟು ಸಂದು ಕಂಡಾಗ ಅಲ್ಲಿ ಚೆಂಡು ನುಗ್ಗಿಸುವ ಧೈರ್ಯವೇ ಈ ಆಟದ ಜೀವಾಳ, 11 ವರ್ಷಕ್ಕೆ ಅದನ್ನು ಕೊಂದರೆ 18 ವರ್ಷಕ್ಕೆ ಅದು ಎಲ್ಲಿಂದ ಬರಬೇಕು? ಶಿಕ್ಷೆಗೆಂದು ನೀರು ಕುಡಿಯಲು ಬಿಡದಿರುವುದು, ಏಪ್ರಿಲ್ ಬಿಸಿಲಿನಲ್ಲಿ ಇಪ್ಪತ್ತು ಸುತ್ತು ಓಡಿಸುವುದು, ಎಲ್ಲರ ಮುಂದೆ ‘ಹುಡುಗಿ ಥರ ಆಡ್ತೀಯ’ ಎಂದು ಹಂಗಿಸುವುದು, ಇವೂ ಹೊಡೆತದ ದಾಯಾದಿಗಳೇ. ಕೊನೆಯದು ಆ ಮೈದಾನದಲ್ಲಿಯೇ ಆಡುತ್ತಿರುವ ಹುಡುಗಿಯರಿಗೂ ಬೀಳುವ ಏಟು.

ಹೊಡೆತಕ್ಕೆ ಇನ್ನೊಂದು ಪರಿಣಾಮವಿದೆ, ನನಗೆ ಅದು ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ. ಕೋಚ್ ತನ್ನ ಮೈಮೇಲೆ ಕೈ ಮಾಡಬಹುದು, ಮನೆಯವರು ಅದನ್ನು ಸರಿ ಎನ್ನುತ್ತಾರೆ ಎಂದು ಒಮ್ಮೆ ಕಲಿತ ಮಗು, ಆ ಕೈ ಬೇರೆ ರೀತಿಯಲ್ಲಿ ಮುಟ್ಟಿದ ದಿನ ಯಾರ ಬಳಿ ಬಂದು ಹೇಳುತ್ತದೆ?

ಮಂಗಳೂರಿನ ಪ್ರವಾಸಕ್ಕೆ ಬಂದರೆ, ‘ಪೋಷಕರು ಬರಬೇಡಿ’ ಎಂಬ ಒಂದು ವಾಕ್ಯವೇ ನನ್ನನ್ನು ತಡೆದು ನಿಲ್ಲಿಸುತ್ತದೆ. ಪಂದ್ಯದ ವೇಳೆ ಗೆರೆಯ ಹತ್ತಿರ ನಿಂತು ಕೂಗಬೇಡಿ ಎಂದು ಹೇಳುವ ಹಕ್ಕು ಕೋಚ್‌ಗೆ ಇದೆ. ಊರಿಗೇ ಬರಬೇಡಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಹೊರಡುವುದಕ್ಕೆ ಕನಿಷ್ಠ ಎರಡು ವಾರ ಮೊದಲು ಅಕಾಡೆಮಿಯಿಂದ ಲಿಖಿತವಾಗಿ ವಿವರ ಪಡೆಯಿರಿ. ರೈಲೋ ಬಸ್ಸೋ, ವಸತಿ ಎಲ್ಲಿ, ಯಾವ ಕೋಣೆಯಲ್ಲಿ ಯಾರು ಮಲಗುತ್ತಾರೆ, ಒಟ್ಟು ಎಷ್ಟು ಮಕ್ಕಳಿಗೆ ಎಷ್ಟು ಮಂದಿ ದೊಡ್ಡವರು ಎಂಬುದೆಲ್ಲ ಅದರಲ್ಲಿರಲಿ. ಬ್ರಿಟನ್ನಿನಲ್ಲಿ 9ರಿಂದ 12 ವರ್ಷದವರಿಗೆ ಪ್ರತಿ 8 ಮಕ್ಕಳಿಗೆ ಒಬ್ಬ ದೊಡ್ಡವರು, ಮಕ್ಕಳು ಎಷ್ಟೇ ಕಡಿಮೆಯಿದ್ದರೂ ಇಬ್ಬರಿಗಿಂತ ಕಡಿಮೆ ದೊಡ್ಡವರು ಕೂಡದು ಎಂಬ ಮಾರ್ಗಸೂಚಿಯಿದೆ. ನಮಗೂ ಅದು ಹೊಂದುತ್ತದೆ. ತಂಡದಲ್ಲಿ ಹುಡುಗಿಯರಿದ್ದರೆ ಹೆಂಗಸರೊಬ್ಬರು ಹೋಗಲೇಬೇಕು, ಹುಡುಗರೇ ಇದ್ದರೂ ಹೋಗುವುದು ಒಳ್ಳೆಯದು. ದೊಡ್ಡವರು ಯಾರೂ ಮಕ್ಕಳ ಕೋಣೆಯಲ್ಲಿ ಮಲಗಬಾರದು, ಮಕ್ಕಳನ್ನು ತಮ್ಮ ಕೋಣೆಗೆ ಒಬ್ಬೊಬ್ಬರನ್ನಾಗಿ ಕರೆಯಬಾರದು; ಪಂದ್ಯದ ಚರ್ಚೆ ಏನಿದ್ದರೂ ಊಟದ ಹಾಲ್‌ನಲ್ಲಿ ನಡೆಯಲಿ. ರಾತ್ರಿ ಮಗನೇ ನಿಮಗೆ ಫೋನ್ ಮಾಡುವ ಸಮಯವೊಂದು ನಿಗದಿಯಾಗಿರಲಿ. ಉಬ್ಬಸ, ಅಲರ್ಜಿ, ಔಷಧ, ರಕ್ತದ ಗುಂಪು ಬರೆದ ಚೀಟಿ ಜೊತೆಗೆ ಹೋಗುವ ಇಬ್ಬರ ಬಳಿಯೂ ಇರಲಿ. ಮಕ್ಕಳ ಜೆರ್ಸಿ ಹೆಸರು, ಶಾಲೆ, ವಸತಿಯ ಜಾಗ ಕಾಣುವ ಫೋಟೊಗಳನ್ನು ಅಲ್ಲಿಂದಲೇ ಇನ್‌ಸ್ಟಾಗ್ರಾಂಗೆ ಹಾಕಬಾರದು.

ಯಾವ ಮುದ್ರಿತ ಮಾರ್ಗಸೂಚಿಯಲ್ಲಿಯೂ ಸಿಗದ ಒಂದು ಮಾತನ್ನು ಸೇರಿಸುತ್ತೇನೆ. ಮಂಗಳೂರಿಗೆ ಹೋದ ತಂಡ ಗೆದ್ದರೂ ಸೋತರೂ ಪಣಂಬೂರನ್ನೋ ತಣ್ಣೀರುಬಾವಿಯನ್ನೋ ನೋಡದೆ ವಾಪಸಾಗುವುದಿಲ್ಲ. ಸಮುದ್ರವನ್ನೇ ಕಾಣದ ಬೆಂಗಳೂರಿನ ಹದಿನಾರು ಹುಡುಗರು, ಪಂದ್ಯ ಮುಗಿದ ಹುಮ್ಮಸ್ಸು, ಫೋಟೊ ತೆಗೆಯುತ್ತಾ ನಿಂತ ಒಬ್ಬ ಕೋಚ್: ಈ ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ‘ಬೀಚಿಗೆ ಹೋಗುತ್ತೀರಾ, ಹೋದರೆ ನೀರಿಗೆ ಇಳಿಸುತ್ತೀರಾ’ ಎಂದು ನೇರವಾಗಿ ಕೇಳಿ. ಇಳಿಸುವುದಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಅಕಾಡೆಮಿಯ ಮಾಲೀಕರ ಬಳಿ ಹೋದಾಗ ನಿಮ್ಮ ಕೈಯಲ್ಲಿ ಒಂದು ಗಟ್ಟಿ ಆಧಾರವಿರುತ್ತದೆ. 2020ರ ಪೋಕ್ಸೊ ನಿಯಮಗಳ 3ನೇ ನಿಯಮವು, ಮಕ್ಕಳೊಡನೆ ನಿತ್ಯ ಒಡನಾಟವಿರುವ ಸಂಸ್ಥೆಗಳೆಂದರೆ ಯಾವುವು ಎಂದು ಹೇಳುವಾಗ ಶಾಲೆ, ಶಿಶುವಿಹಾರಗಳ ಜೊತೆಗೆ ಕ್ರೀಡಾ ಅಕಾಡೆಮಿಗಳನ್ನೂ ಹೆಸರಿಸಿಯೇ ಹೇಳುತ್ತದೆ. ಕಾಯಂ ಆಗಿರಲಿ ಗುತ್ತಿಗೆಯವರಾಗಿರಲಿ, ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿಯೊಬ್ಬ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮತ್ತು ಹಿನ್ನೆಲೆಯ ವಿಚಾರಣೆಯನ್ನು ನಿಯತಕಾಲಕ್ಕೆ ಮಾಡಿಸಬೇಕು, ಮಕ್ಕಳ ಸುರಕ್ಷತೆಯ ತರಬೇತಿಯನ್ನೂ ಕೊಡಿಸಬೇಕು ಎಂಬುದು ಆ ನಿಯಮ. ‘ನಮ್ಮದು ಶಾಲೆಯಲ್ಲ, ಬರೀ ಕೋಚಿಂಗ್’ ಎಂಬ ಉತ್ತರ ಇಲ್ಲಿ ನಡೆಯುವುದಿಲ್ಲ. ಅಷ್ಟಾಗಿಯೂ ಪೊಲೀಸ್ ಪರಿಶೀಲನೆಯ ಕಾಗದವನ್ನೇ ನೆಚ್ಚಿ ಕೂರಬೇಡಿ. ಬೆನೆಲ್‌ಗೆ ಈ ಅಪರಾಧಕ್ಕಾಗಿ ಮೊದಲ ಶಿಕ್ಷೆಯಾದದ್ದು 1995ರಲ್ಲಿ; ಅದಕ್ಕೆ ಮೊದಲು ಯಾರು ಎಷ್ಟೇ ದಾಖಲೆ ತಿರುವಿದ್ದರೂ ಅಂಥ ಶಿಕ್ಷೆ ಅದರಲ್ಲಿ ಕಾಣುತ್ತಿರಲಿಲ್ಲ. ಕೋಚ್ ಹಿಂದೆ ಕೆಲಸ ಮಾಡಿದ ಕ್ಲಬ್ಬಿಗೆ ಫೋನ್ ಮಾಡಿ ‘ಇವರನ್ನು ಮತ್ತೆ ಸೇರಿಸಿಕೊಳ್ಳುತ್ತೀರಾ’ ಎಂದು ಕೇಳಿದ್ದೀರಾ ಎಂಬುದನ್ನೂ ವಿಚಾರಿಸಿ. ಆ ಕಡೆಯವರು ಒಂದು ಕ್ಷಣ ತಡೆದು ಮಾತನಾಡಿದರೂ ಅದರಲ್ಲಿ ಸುದ್ದಿಯಿರುತ್ತದೆ.

ದೂರು ಕೊಡಬೇಕಾದರೆ ಯಾರಿಗೆ ಎಂಬುದು ಮುಂದಿನ ಪ್ರಶ್ನೆ. ಒಬ್ಬರ ಹೆಸರು, ಫೋನ್ ನಂಬರು ಫಲಕದ ಮೇಲೆ ಇರಬೇಕು, ಮಕ್ಕಳಿಗೂ ಅವರ ಮುಖ ಪರಿಚಯವಿರಬೇಕು. ಅವರು ಕೋಚ್‌ನ ಹೆಂಡತಿಯೋ ಭಾಮೈದನೋ ಆಗಿರಬಾರದು. ನಗಬೇಡಿ, ನಾನು ಕಂಡ ಒಂದು ಕಡೆ ಹಾಗೆಯೇ ಇತ್ತು. ಮೈದಾನಕ್ಕೆ ಹೋದಾಗ ಹಾಗೆಯೇ ಗೋಲ್‌ಪೋಸ್ಟನ್ನೂ ಒಮ್ಮೆ ಅಲುಗಾಡಿಸಿ ನೋಡಿ. ಟರ್ಫ್‌ಗಳಲ್ಲಿ ಎತ್ತಿ ಇಡುವ ಕಬ್ಬಿಣದ ಪೋಸ್ಟ್‌ಗಳಿಗೆ ಹಿಂಬದಿಯಲ್ಲಿ ಮರಳಿನ ಮೂಟೆಯ ಭಾರವೋ ಗೂಟವೋ ಇರಬೇಕು. ಅಡ್ಡಪಟ್ಟಿಗೆ ಜೋತುಬಿದ್ದ ಮಕ್ಕಳ ಮೇಲೆ ಅದು ಮಗುಚಿ ಪ್ರಾಣ ಹೋದ ಪ್ರಕರಣಗಳು ಜಗತ್ತಿನ ಹಲವೆಡೆ ಆಗಿವೆ. ಎರಡು ಮೂಟೆ ಮರಳು ತಂದಿಡದವರು ದೊಡ್ಡ ಸುರಕ್ಷತೆಯ ಮಾತನಾಡಿದರೆ ನಾನು ನಂಬುವುದಿಲ್ಲ.

ನಡತೆಯ ನಿಯಮ ಕೋಚ್‌ಗೆ ಮಾತ್ರವಲ್ಲ, ಪೋಷಕರಿಗೂ ಬೇಕು. ಹೋದ ವರ್ಷ 10 ವರ್ಷದೊಳಗಿನವರ ಪಂದ್ಯವೊಂದನ್ನು ನೋಡುತ್ತಾ ನಿಂತಿದ್ದೆ. ಬಲ ಅಂಚಿನಲ್ಲಿದ್ದ ಪುಟ್ಟ ಹುಡುಗನ ಕಾಲಿಗೆ ಚೆಂಡು ಬಂತು. ಎದುರಿಗೆ ಯಾರೂ ಇಲ್ಲ, ಓಡಿದರೆ ಗೋಲು. ಅವನು ಓಡಲಿಲ್ಲ. ಚೆಂಡನ್ನು ಕಾಲಿನಡಿ ಒತ್ತಿಕೊಂಡು ಗೆರೆಯಾಚೆ ನಿಂತ ಅಪ್ಪನ ಮುಖ ನೋಡಿದ. ಅಪ್ಪ ‘ಹೊಡಿ’ ಎಂದರು, ಕೋಚ್ ‘ಪಾಸ್’ ಎಂದರು, ಇನ್ಯಾರೋ ‘ಓಡು ಓಡು’ ಎಂದರು, ಅಷ್ಟರಲ್ಲಿ ಎದುರು ತಂಡದವನು ಬಂದು ಚೆಂಡು ಕಸಿದುಕೊಂಡು ಹೋದ. ಆಮೇಲೆ ಅಪ್ಪ ಬೈದದ್ದು ಹದಿನಾರೋ ಹದಿನೇಳೋ ವಯಸ್ಸಿನ ರೆಫರಿಯನ್ನು. ಅವನೂ ಕಾನೂನಿನ ಲೆಕ್ಕದಲ್ಲಿ ಮಗುವೇ ಎಂಬುದು ಅಲ್ಲಿದ್ದ ಯಾರಿಗೂ ಹೊಳೆದಂತಿರಲಿಲ್ಲ. ಇಂಗ್ಲೆಂಡಿನಲ್ಲಿ 2008ರಿಂದ ‘ರೆಸ್ಪೆಕ್ಟ್’, ಅಂದರೆ ಗೌರವ, ಎಂಬ ಹೆಸರಿನ ಅಭಿಯಾನವೊಂದು ನಡೆಯುತ್ತಿದೆ. ಅದರಂತೆ ಮಕ್ಕಳ ಪಂದ್ಯಗಳಲ್ಲಿ ಗೆರೆಯಿಂದ ಹಿಂದಕ್ಕೆ ಒಂದು ಪಟ್ಟಿ ಕಟ್ಟಿ ಪೋಷಕರನ್ನು ಅದರಾಚೆ ನಿಲ್ಲಿಸುತ್ತಾರೆ. ಹಗ್ಗಕ್ಕೆ ದೊಡ್ಡ ಖರ್ಚಿಲ್ಲ. ನಿಮ್ಮ ಅಕಾಡೆಮಿಗೆ ಇದನ್ನು ಸೂಚಿಸಿ; ಕೋಚ್ ಬಗ್ಗೆ ಪ್ರಶ್ನೆ ಕೇಳುವವರು ತಮ್ಮ ಮೇಲೂ ನಿಯಮ ಹಾಕಿಕೊಳ್ಳಲು ಸಿದ್ಧರಿದ್ದಾರೆ ಎಂದು ಗೊತ್ತಾದರೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ.

ಮಗನೊಡನೆ ಮಾತನಾಡುವುದು ಹೇಗೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ‘ಕೋಚ್ ಏನಾದರೂ ಮಾಡಿದರಾ’ ಎಂದು ಕೇಳಿದರೆ ತನ್ನ ಆಟ ನಿಂತುಹೋಗುತ್ತದೆಂದು ಹೆದರಿ ‘ಏನಿಲ್ಲ’ ಎಂದುಬಿಡುತ್ತಾನೆ. ಬೂಟಿನ ಮಣ್ಣು ಕೆರೆಯುವಾಗ, ತಟ್ಟೆ ತೊಳೆಯುವಾಗ, ಕಣ್ಣಿಗೆ ಕಣ್ಣು ಕೊಡದೆ ಮಾತನಾಡುವ ಹೊತ್ತಿನಲ್ಲಿ ಒಂದು ವಿಷಯ ತಿಳಿಸಿ: ದೊಡ್ಡವರು ಯಾರೇ ಆಗಲಿ ‘ಅಮ್ಮನಿಗೆ ಹೇಳಬೇಡ’ ಎಂದರೆ, ಅದನ್ನೇ ಅಮ್ಮನಿಗೆ ಮೊದಲು ಹೇಳಬೇಕು. ಹೇಳಿದರೆ ಆಟ ಬಿಡಿಸುವುದಿಲ್ಲ ಎಂದೂ ಮಾತು ಕೊಡಿ. ಕಾರಣವಿಲ್ಲದೆ ಬಂದ ಹೊಸ ಬೂಟು, ಇದ್ದಕ್ಕಿದ್ದಂತೆ ಅಭ್ಯಾಸಕ್ಕೆ ಹೊಟ್ಟೆನೋವು, ಫೋನ್ ಕಂಡ ಕೂಡಲೇ ತಿರುಗಿಸಿಕೊಳ್ಳುವುದು, ಇಂಥವನ್ನು ಗಮನಿಸಿ, ಆದರೆ ಒಂದರಿಂದಲೇ ತೀರ್ಮಾನಕ್ಕೆ ಬರಬೇಡಿ.

ಒಂದು ವೇಳೆ ಅವನು ಏನಾದರೂ ಹೇಳಿದರೆ ಪೂರ್ತಿ ಕೇಳಿ. ‘ಮೊದಲೇ ಏಕೆ ಹೇಳಲಿಲ್ಲ’ ಎಂಬ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ. ಅವನ ಮಾತನ್ನು ಅವನದೇ ಪದಗಳಲ್ಲಿ, ದಿನಾಂಕ ಹಾಕಿ ಬರೆದಿಡಿ. ಮೆಸೇಜ್‌ಗಳನ್ನು ಅಳಿಸಬೇಡಿ. ಕೋಚ್‌ಗೆ ಫೋನ್ ಮಾಡಿ ಜಗಳ ತೆಗೆಯಬೇಡಿ, ಅಕಾಡೆಮಿಯವರು ‘ಮೊದಲು ನಾವು ಒಳಗೇ ವಿಚಾರಿಸುತ್ತೇವೆ’ ಎಂದರೆ ಕಾಯಲೂ ಬೇಡಿ. 1098 ಮಕ್ಕಳ ಸಹಾಯವಾಣಿ; 112ಕ್ಕೂ ಕರೆ ಮಾಡಬಹುದು; ಠಾಣೆಗೆ ನೇರವಾಗಿಯೂ ಹೋಗಬಹುದು. ಅಪರಾಧ ನಡೆದದ್ದು ಗೊತ್ತಿರುವ, ನಡೆಯಬಹುದೆಂಬ ಆತಂಕವಿರುವ ಯಾರೇ ಆದರೂ ತಿಳಿಸಲೇಬೇಕು ಎನ್ನುತ್ತದೆ ಪೋಕ್ಸೊದ 19ನೇ ಸೆಕ್ಷನ್. ತನ್ನ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ 21ನೇ ಸೆಕ್ಷನ್‌ನಡಿ 1 ವರ್ಷದವರೆಗೆ ಸೆರೆವಾಸ ಮತ್ತು ದಂಡವಿದೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕ್ರಮ ಜರುಗಿಸುವಂತಿಲ್ಲ. ಮಗನ ಹೇಳಿಕೆಯನ್ನು ಮನೆಯಲ್ಲಿಯೇ ಪಡೆಯಬಹುದು, ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಬರುವಂತಿಲ್ಲ, ಅವನ ಹೆಸರನ್ನು ಮಾಧ್ಯಮದವರು ಬಯಲು ಮಾಡುವಂತಿಲ್ಲ. ಠಾಣೆ, ಕೋರ್ಟು ಎಂಬ ಹೆದರಿಕೆಯಲ್ಲಿಯೇ ಎಷ್ಟೋ ಮನೆಗಳು ಬಾಯಿ ಕಟ್ಟಿಕೊಳ್ಳುವುದರಿಂದ ಇಷ್ಟನ್ನು ಬಿಡಿಸಿ ಹೇಳಿದೆ. ನಿಮ್ಮ ಪತ್ರದಲ್ಲಿ ಅಂಥದೇನೂ ನಡೆದಿರುವ ಸೂಚನೆಯಿಲ್ಲ.

ಸದ್ಯಕ್ಕೆ ನಿಮ್ಮ ಮುಂದಿರುವುದು ಮಂಗಳೂರು. ಮಾಲೀಕರಿಗೆ ಇಂದೇ ಒಂದು ಪುಟದ ಪತ್ರ ಬರೆಯಿರಿ. ಕಾರು, ಮೆಸೇಜ್, ಹೊಡೆತ ಮೂರನ್ನೂ ಆರೋಪದ ಧಾಟಿಯಿಲ್ಲದೆ ನಮೂದಿಸಿ, ಪ್ರವಾಸದ ವಿವರಗಳನ್ನು ಕೇಳಿ. ಸಾಧ್ಯವಾದರೆ ಇನ್ನಿಬ್ಬರು ತಾಯಂದಿರ ಸಹಿಯೂ ಇರಲಿ. ಈ ಕಸಿವಿಸಿ ನಿಮಗೊಬ್ಬರಿಗೇ ಇಲ್ಲವೆಂಬುದು ಸಹಿ ಕೇಳಲು ಹೋದಾಗಲೇ ನಿಮಗೆ ಗೊತ್ತಾಗಬಹುದು. ಉತ್ತರ ಸರಿಯಾಗಿ ಬಂದರೆ ಕಳಿಸಿ, ಪೋಷಕರಲ್ಲಿ ಒಬ್ಬರಾದರೂ ಅದೇ ಊರಿನಲ್ಲಿ ಬೇರೆ ಕಡೆ ಉಳಿದುಕೊಳ್ಳಿ. ಉತ್ತರ ಬಾರದಿದ್ದರೆ, ಅಥವಾ ‘ನಂಬಿಕೆಯಿದ್ದರೆ ಕಳಿಸಿ, ಇಲ್ಲವಾದರೆ ಬಿಡಿ’ ಎಂಬ ಉತ್ತರ ಬಂದರೆ, ಈ ಟೂರ್ನಿಗೆ ಕಳಿಸಬೇಡಿ. ಮಗ ಅಳುತ್ತಾನೆ, ಎರಡು ದಿನ ಮಾತು ಬಿಡುತ್ತಾನೆ. ‘ನೀನು ಏನೂ ತಪ್ಪು ಮಾಡಿಲ್ಲ, ದೊಡ್ಡವರು ಕೊಡಬೇಕಾದ ಉತ್ತರ ಕೊಡಲಿಲ್ಲ’ ಎಂದು ಹೇಳಿ, ಆ ವಾರಾಂತ್ಯದಲ್ಲಿ ಅವನನ್ನು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೋ, ಹಲಸೂರಿನ ಗೌತಮಪುರದ ಮೈದಾನಕ್ಕೋ ಕರೆದುಕೊಂಡು ಹೋಗಿ. ಅಲ್ಲಿ ಆಡುವ ಹುಡುಗರಿಗೆ ತರಬೇತಿ ಕೊಡುವ ಬೇರೆ ಕೋಚ್‌ಗಳ ಪರಿಚಯವೂ ಆಗುತ್ತದೆ.